ಅಡ್ಡಗೋಡೆಯ ಮೇಲೆ ದೀಪವಿಟ್ಟ ನ್ಯಾಯಮೂರ್ತಿ

1775ರ ಜೂನ್ 25, ಭಾನುವಾರ. ಅವತ್ತು ನ್ಯೂಯಾರ್ಕ್ ಪಟ್ಟಣದ ಗಣ್ಯರಿಗೆ ಎಲ್ಲಿಲ್ಲದ ಪೀಕಲಾಟ. ಬ್ರಿಟಿಷರ ವಿರುದ್ಧ ಎದ್ದು ನಿಂತ ವಸಾಹತುಗಳ ಸೇನೆಗೆ ಹೊಸದಾಗಿ ದಂಡನಾಯಕನಾದ ಜಾರ್ಜ್ ವಾಷಿಂಗ್ಟನ್ ಫಿಲಡೆಲ್ಫಿಯಾದಿಂದ ಬಾಸ್ಟನ್ ಕಡೆ ಹೊರಟಿದ್ದು, ಆ ದಿನ ಊರನ್ನು ಹಾದು ಹೋಗುವವನಿದ್ದ. ವರ್ಷಕ್ಕೂ ಮೇಲೆ ಇಂಗ್ಲೆಂಡಿನಲ್ಲಿದ್ದ ದೊರೆಯ ಗವರ್ನರ್ ವಿಲಿಯಂ ಟ್ರಯನ್ ಹಡಗಿನಿಂದ ಇಳಿಯುವುದೂ ಅದೇ ದಿನ ಎಂದಾಯಿತು. ಯಾರನ್ನು ಎದುರುಗೊಳ್ಳುವುದು? ಯಾರನ್ನು ಬಿಡುವುದು? ಪ್ರಾಂತೀಯ ಕಾಂಗ್ರೆಸ್ಸು ತಲೆ ಕೆರೆದುಕೊಂಡು ಕೊನೆಗೆ ಊರಿನ ದಳಕ್ಕೆ ಒಂದು ಆದೇಶ ಹೊರಡಿಸಿತು. ದಂಡನಾಯಕನಾಗಲಿ ಗವರ್ನರನಾಗಲಿ, ಮೊದಲು ಬಂದವರಿಗೆ ಮೊದಲ ಮರ್ಯಾದೆ, ಆದಷ್ಟು ಮಟ್ಟಿಗೆ ಇಬ್ಬರಿಗೂ ಮರ್ಯಾದೆ. ಮಧ್ಯಾಹ್ನ ವಾಷಿಂಗ್ಟನ್ ಬಂದ. ಜನ ಜೈಕಾರ ಹಾಕಿದರು. ರಾತ್ರಿ ಎಂಟರ ಸುಮಾರಿಗೆ ಟ್ರಯನ್ ಇಳಿದ. ಆಗಲೂ ಜೈಕಾರವಾಯಿತು. ಜೈಕಾರ ಹಾಕಿದವರಲ್ಲಿ ಕೆಲವರು ಎರಡೂ ಕಡೆ ಇದ್ದವರೇ.

ಆ ರಾತ್ರಿ ಗವರ್ನರನ ಮುಖ ಗಂಭೀರವಾಗಿತ್ತು, ಅವನು ಹೆಚ್ಚು ಮಾತಾಡಲಿಲ್ಲ ಎಂದು ಒಬ್ಬ ವಕೀಲ ಮನೆಗೆ ಹೋಗಿ ಬರೆದಿಟ್ಟುಕೊಂಡ. ಅವನ ಹೆಸರು ವಿಲಿಯಂ ಸ್ಮಿತ್. ವಯಸ್ಸು 47. ಗವರ್ನರನ ಮಂಡಳಿಯ ಸದಸ್ಯ, ಪ್ರಾಂತದ ಅತಿ ದೊಡ್ಡ ವಕೀಲರಲ್ಲಿ ಒಬ್ಬ, ನ್ಯೂಯಾರ್ಕಿನ ಮೊದಲ ಇತಿಹಾಸ ಗ್ರಂಥದ ಕರ್ತೃ. ಗವರ್ನರನಿಗೆ ಸಲಹೆ ಕೊಡುತ್ತಿದ್ದವನೂ ಅವನೇ, ಬಂಡಾಯದ ಮುಂದಾಳುಗಳಲ್ಲಿ ಅರ್ಧದಷ್ಟು ಜನರ ಹಳೆಯ ಗೆಳೆಯನೂ ಅವನೇ. ಮುಂದೆ ಅವನು ಎರಡು ಪ್ರಾಂತಗಳ ಮುಖ್ಯ ನ್ಯಾಯಾಧೀಶನೆನಿಸಿಕೊಂಡ, ಒಂದು ರಾಜ್ಯದಿಂದ ಗಡೀಪಾರಾದ, ಎರಡೂ ಪಕ್ಷದವರಿಂದ ಬೈಸಿಕೊಂಡ. ಗಾಳಿ ಬಂದತ್ತ ತೂರಿಕೊಳ್ಳುವವನು ಎಂಬ ಹೆಸರು ಬದುಕಿರುವಾಗಲೇ ಅಂಟಿಕೊಂಡಿತ್ತು. ಆದರೆ ಅವನ ಬರಹಗಳನ್ನು ಮುಂದಿಟ್ಟುಕೊಂಡು ಕೂತರೆ ನನಗೆ ಕಾಣುವುದು ಬೇರೆ. ಅಭಿಪ್ರಾಯಗಳಲ್ಲಿ ಇಷ್ಟು ಹಠಮಾರಿಯಾದ ಮನುಷ್ಯ ಆ ಕಾಲದಲ್ಲಿ ಹೆಚ್ಚಿರಲಿಲ್ಲ. ಅವನು ಬದಲಿಸಿದ್ದು ವಿಳಾಸವನ್ನು ಮಾತ್ರ.

ಅಪ್ಪನ ಹೆಸರೂ ವಿಲಿಯಂ ಸ್ಮಿತ್. 1715ರಲ್ಲಿ ಇಂಗ್ಲೆಂಡಿನಿಂದ ಬಂದು ನ್ಯೂಯಾರ್ಕಿನಲ್ಲಿ ವಕೀಲಿ ಕಟ್ಟಿಕೊಂಡವನು. ತಾಯಿ ಮೇರಿ ಹೆಟ್, ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟಂಟ್ ಮನೆತನದವಳು. 1728ರಲ್ಲಿ ಹುಟ್ಟಿದ ಹಿರಿಯ ಮಗನಿಗೆ ಆರೇಳು ವರ್ಷವಾಗಿದ್ದಾಗ ಮನೆಯಲ್ಲಿ ಒಂದು ಬಿರುಗಾಳಿ ಎದ್ದಿತು. ಗವರ್ನರ್ ವಿಲಿಯಂ ಕಾಸ್ಬಿ ದುರಾಸೆಯ ಮನುಷ್ಯ. ಅವನನ್ನು ಪತ್ರಿಕೆಯಲ್ಲಿ ಹಿಗ್ಗಾಮುಗ್ಗಾ ಟೀಕಿಸಿದ್ದಕ್ಕೆ ಮುದ್ರಕ ಜಾನ್ ಪೀಟರ್ ಝೆಂಗರನನ್ನು 1734ರ ನವೆಂಬರಿನಲ್ಲಿ ಸೆರೆಗೆ ಹಾಕಿದರು. ಝೆಂಗರ್ ಪರ ವಕಾಲತ್ತು ಹಾಕಿದವರು ಜೇಮ್ಸ್ ಅಲೆಕ್ಸಾಂಡರ್ ಮತ್ತು ಹಿರಿಯ ಸ್ಮಿತ್. ಅವರು ಆರೋಪಕ್ಕೆ ಉತ್ತರ ಕೊಡುವ ಮೊದಲು ನ್ಯಾಯಾಧೀಶರ ಕುತ್ತಿಗೆಗೇ ಕೈ ಹಾಕಿದರು. ಮುಖ್ಯ ನ್ಯಾಯಾಧೀಶ ಜೇಮ್ಸ್ ಡಿಲಾನ್ಸಿಯ ನೇಮಕವೇ ಸಿಂಧುವಲ್ಲ, ಗವರ್ನರ್ ಬೇಕೆಂದಾಗ ಕಿತ್ತುಹಾಕಬಹುದಾದ ನ್ಯಾಯಾಧೀಶ ನ್ಯಾಯಾಧೀಶನೇ ಅಲ್ಲ ಎಂಬುದು ಅವರ ತಕರಾರು. ಡಿಲಾನ್ಸಿ ಕೂತಲ್ಲೇ ಇಬ್ಬರ ಸನ್ನದನ್ನೂ ರದ್ದು ಮಾಡಿಬಿಟ್ಟ. ಫಿಲಡೆಲ್ಫಿಯಾದಿಂದ ಮುದಿ ವಕೀಲ ಆಂಡ್ರ್ಯೂ ಹ್ಯಾಮಿಲ್ಟನ್ ಬಂದು ವಾದಿಸಿದ. 1735ರ ಆಗಸ್ಟಿನಲ್ಲಿ ಝೆಂಗರ್ ಬಿಡುಗಡೆಯಾದ. ಅಮೆರಿಕದ ಪತ್ರಿಕಾ ಸ್ವಾತಂತ್ರ್ಯದ ಕಥೆ ಹೇಳುವಾಗ ಇವತ್ತಿಗೂ ಹ್ಯಾಮಿಲ್ಟನ್ ಹೆಸರು ಬರುತ್ತದೆ, ಸನ್ನದು ಕಳೆದುಕೊಂಡ ಇಬ್ಬರ ಹೆಸರು ಅಡಿಟಿಪ್ಪಣಿಗೆ ಹೋಗುತ್ತದೆ. ಹಿರಿಯ ಸ್ಮಿತ್ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತುವ ಹೊತ್ತಿಗೆ ಸುಮಾರು ಎರಡು ವರ್ಷ ಕಳೆದಿತ್ತು.

ಇಷ್ಟಕ್ಕೆ ಅಪ್ಪನನ್ನು ಸ್ವಾತಂತ್ರ್ಯವೀರನ ಸಾಲಿಗೆ ಸೇರಿಸಿ ಮುಂದೆ ಹೋಗುವುದು ಸುಲಭ. ಅದು ಪೂರ್ತಿ ನಿಜವಾಗುವುದಿಲ್ಲ. 1737ರ ಒಂದು ಚುನಾವಣಾ ತಕರಾರಿನಲ್ಲಿ ಇದೇ ಹಿರಿಯ ಸ್ಮಿತ್ ಪ್ರಾಂತೀಯ ಸಭೆಯ ಮುಂದೆ ನಿಂತು, ಏಸುವನ್ನು ಶಿಲುಬೆಗೇರಿಸಿದ ಪ್ರಸಂಗವನ್ನು ಎತ್ತಿ ಆಡಿ, ಯೆಹೂದಿಗಳ ಮತ ಎಣಿಸಕೂಡದು ಎಂದು ವಾದಿಸಿದ. ಸಭೆ ಕಣ್ಣೀರು ಹಾಕಿತು, ಯೆಹೂದಿಗಳು ಮತದ ಹಕ್ಕು ಕಳೆದುಕೊಂಡರು. 1741ರಲ್ಲಿ ಊರಿನ ಗುಲಾಮರು ಬೆಂಕಿ ಇಡುವ ಸಂಚು ಹೂಡಿದ್ದಾರೆ ಎಂಬ ಗಾಬರಿ ಹಬ್ಬಿ, ಮೂವತ್ತರ ಆಸುಪಾಸು ಕಪ್ಪು ಜನರನ್ನು ಸುಟ್ಟರು ಇಲ್ಲವೇ ನೇಣಿಗೆ ಹಾಕಿದರು. ಆ ವಿಚಾರಣೆಗಳಲ್ಲಿ ಸರ್ಕಾರದ ಪರ ನಿಂತ ವಕೀಲರಲ್ಲಿ ಅವನೂ ಇದ್ದ. ಕಕ್ಷಿದಾರ ಬದಲಾದರೆ ಮಾತೂ ಬದಲಾಗುವ ಕಸುಬು ಅದು. ಮಗ ಬೆಳೆದದ್ದು ಆ ಕಸುಬಿನ ನೆರಳಿನಲ್ಲಿ.

ಯೇಲ್ ಕಾಲೇಜಿನಿಂದ 1745ರಲ್ಲಿ ಪದವಿ ಪಡೆದ ಮಗ ಅಪ್ಪನ ಕಚೇರಿಯಲ್ಲೇ ಜೂನಿಯರ್ ಆದ. ಜೊತೆಗೆ ಕೂತು ಓದುತ್ತಿದ್ದವನು ವಿಲಿಯಂ ಲಿವಿಂಗ್‌ಸ್ಟನ್, ಹಡ್ಸನ್ ತೀರದ ಜಮೀನ್ದಾರಿ ಮನೆತನದ ಹುಡುಗ. 1750ರಲ್ಲಿ ಸ್ಮಿತ್‌ಗೆ ಸನ್ನದು ಸಿಕ್ಕಿತು. 1752ರಲ್ಲಿ ಅದೇ ಲಿವಿಂಗ್‌ಸ್ಟನ್ ಬಳಗದ ಜಾನೆಟ್‌ಳನ್ನು ಮದುವೆಯಾದ. ಅದೇ ವರ್ಷ ಗೆಳೆಯರಿಬ್ಬರೂ ಸೇರಿ ಒಂದು ದೊಡ್ಡ ಚಾಕರಿ ಮುಗಿಸಿದರು. 1691ರಿಂದ 1751ರವರೆಗೆ ನ್ಯೂಯಾರ್ಕ್ ಪ್ರಾಂತೀಯ ಸಭೆ ಮಾಡಿದ ಕಾನೂನುಗಳನ್ನೆಲ್ಲ ಹುಡುಕಿ, ಜೋಡಿಸಿ, ಒಂದು ಸಂಹಿತೆಯಾಗಿ ಅಚ್ಚು ಹಾಕಿಸಿದರು. ವಯಸ್ಸು ಇಪ್ಪತ್ತನಾಲ್ಕು ಇಪ್ಪತ್ತೆಂಟು, ಕೈಯಲ್ಲಿ ಪ್ರಾಂತದ ಅರವತ್ತು ವರ್ಷಗಳ ಕಾನೂನು. ಸ್ಮಿತ್‌ಗೆ ಇತಿಹಾಸದ ರುಚಿ ಹತ್ತಿದ್ದು ಆ ಕಡತಗಳ ಧೂಳಿನಲ್ಲೇ ಇರಬೇಕು.

ಇಬ್ಬರ ಜೊತೆ ಜಾನ್ ಮಾರಿನ್ ಸ್ಕಾಟ್ ಎಂಬ ಮೂರನೆಯ ವಕೀಲ ಸೇರಿದ. ಮೂವರೂ ಯೇಲ್‌ನವರು, ಮೂವರೂ ಪ್ರೆಸ್ಬಿಟೇರಿಯನ್ ಗುಂಪಿನವರು, ಮೂವರಿಗೂ ಡಿಲಾನ್ಸಿ ಮನೆತನ ಎಂದರೆ ಆಗದು. 1752ರ ನವೆಂಬರಿನಿಂದ ಒಂದು ವರ್ಷ 'ಇಂಡಿಪೆಂಡೆಂಟ್ ರಿಫ್ಲೆಕ್ಟರ್' ಎಂಬ ವಾರಪತ್ರಿಕೆ ತಂದರು. ಊರಿನಲ್ಲಿ ಹೊಸ ಕಾಲೇಜು ಬರುವುದಿತ್ತು. ಅದಕ್ಕೆ ಲಾಟರಿಯಿಂದ ಹಣ ಎತ್ತಿದ್ದರು. ಇಂಗ್ಲೆಂಡಿನ ಅಧಿಕೃತ ಚರ್ಚಿನವರು ಕಾಲೇಜನ್ನು ತಮ್ಮ ಕೈಗೆ ತೆಗೆದುಕೊಳ್ಳಲು ಹವಣಿಸಿದರು. ಸಾರ್ವಜನಿಕರ ದುಡ್ಡಿನ ಕಾಲೇಜು ಯಾವುದೇ ಒಂದು ಪಂಥದ ಸ್ವತ್ತಾಗಬಾರದು, ಜನಪ್ರತಿನಿಧಿಗಳ ಸಭೆಯ ಹತೋಟಿಯಲ್ಲಿರಬೇಕು ಎಂದು ಈ ಮೂವರು ವಾರ ವಾರವೂ ಬರೆದರು. ಒತ್ತಡ ಬಿದ್ದು ಮುದ್ರಕ ಕೈ ತೊಳೆದುಕೊಂಡ, ಪತ್ರಿಕೆ ನಿಂತಿತು. ಕಾಲೇಜು ಚರ್ಚಿನವರ ಕೈಗೇ ಹೋಯಿತು. ಅದೇ ಇಂದಿನ ಕೊಲಂಬಿಯಾ ವಿಶ್ವವಿದ್ಯಾಲಯ. ಆದರೆ ಲಾಟರಿ ಹಣಕ್ಕೆ ಕೊನೆಗೆ ಆದ ರಾಜಿ ಕೇಳುವಂತಿದೆ. ಅರ್ಧ ಕಾಲೇಜಿಗೆ, ಇನ್ನರ್ಧ ಊರಿಗೊಂದು ಜೈಲಿಗೂ ಅಂಟುರೋಗಿಗಳ ಆಸ್ಪತ್ರೆಗೂ!

'ನ್ಯೂಯಾರ್ಕ್ ಪ್ರಾಂತದ ಇತಿಹಾಸ' 1757ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಲೇಖಕನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ವಸಾಹತುಗಳ ವ್ಯಾಪಾರವನ್ನು ನೋಡಿಕೊಳ್ಳುತ್ತಿದ್ದ ಹ್ಯಾಲಿಫ್ಯಾಕ್ಸ್ ಪ್ರಭುವಿಗೆ ಅರ್ಪಣೆ ಮಾಡಿದ್ದ. ಎಲ್ಲಿ ಅರ್ಪಿಸಿದರೆ ಏನು ದಕ್ಕೀತು ಎಂಬ ಅಂದಾಜು ಅವನಿಗೆ ಆಗಲೇ ಇತ್ತು ಎನ್ನಿ. ಪುಸ್ತಕದ ಬಹುಭಾಗ ಗವರ್ನರುಗಳ ಜಗಳ, ಗಡಿ ತಕರಾರು, ಇರೋಕ್ವಾ ಜನಾಂಗಗಳೊಂದಿಗಿನ ಮಾತುಕತೆ. ಇವತ್ತು ಓದುವವನಿಗೆ ರುಚಿಸುವುದು ಕೊನೆಯಲ್ಲಿ ಬರುವ ಪ್ರಾಂತದ ವರ್ಣನೆ. ಆಗಿನ ನ್ಯೂಯಾರ್ಕ್ ಪಟ್ಟಣ ಉದ್ದಕ್ಕೆ ಒಂದು ಮೈಲಿ, ಅಗಲಕ್ಕೆ ಅದರ ಅರ್ಧಕ್ಕಿಂತ ಹೆಚ್ಚಿಲ್ಲ, ಕಟ್ಟಡಗಳು ಸುಮಾರು 2,500. ಶಾಲೆಗಳ ಗತಿ ನೆನೆದು ಅವನಿಗೆ ಸಿಟ್ಟು. ಪಾಠ ಹೇಳುವವರಿಗೇ ಮೊದಲು ಯಾರಾದರೂ ಪಾಠ ಹೇಳಬೇಕು ಎಂಬ ಅರ್ಥದಲ್ಲಿ ಕುಟುಕುತ್ತಾನೆ. ತನ್ನೂರಿನ ಬಗ್ಗೆ ಅಭಿಮಾನವೂ ಅಸಹನೆಯೂ ಒಂದೇ ಉಸಿರಿನಲ್ಲಿ ಬರುತ್ತವೆ.

ಪುಸ್ತಕದ ಕಥನ 1732ಕ್ಕೆ ತಟ್ಟನೆ ನಿಲ್ಲುತ್ತದೆ. ಕಾಸ್ಬಿ ಬಂದು ಇಳಿಯುವುದೊಂದು ಬಾಕಿ. ಏಕೆಂದು ಲೇಖಕನೇ ಹೇಳುತ್ತಾನೆ. ಕಾಸ್ಬಿಯ ಕಾಲದ ಜಗಳಗಳಲ್ಲಿ ತನ್ನ ಅತಿ ಹತ್ತಿರದ ಸಂಬಂಧಿಯೊಬ್ಬ ಮುಖ್ಯ ಪಾತ್ರ ವಹಿಸಿದ್ದ, ಹೀಗಾಗಿ ಆ ಭಾಗವನ್ನು ನಿರ್ಲಿಪ್ತ ಲೇಖನಿಯೊಂದು ಬರೆದರೇ ಒಳ್ಳೆಯದು ಎನ್ನುತ್ತಾನೆ. ನನಗೆ ಆ ಪುಸ್ತಕದಲ್ಲಿ ಎಲ್ಲಕ್ಕಿಂತ ಹಿಡಿಸುವ ಜಾಗ ಇದು. ತನ್ನ ನೆಂಟನ ಮೊಕದ್ದಮೆ ಎದುರಿಗೆ ಬಂದಾಗ ನ್ಯಾಯಾಧೀಶ ಪೀಠದಿಂದ ಎದ್ದು ಹೋಗುವ ಸಂಪ್ರದಾಯವನ್ನು ಇತಿಹಾಸಕಾರನೊಬ್ಬ ತನಗೆ ತಾನೇ ವಿಧಿಸಿಕೊಂಡಿದ್ದಾನೆ. ಪೀಠದಿಂದ ಎದ್ದನೇ ಹೊರತು ಬರೆಯುವುದನ್ನು ಬಿಡಲಿಲ್ಲ ಎಂಬುದು ಆಮೇಲೆ ಗೊತ್ತಾಗುತ್ತದೆ. 1732ರಿಂದ 1762ರವರೆಗಿನ ಮುಂದುವರಿಕೆಯನ್ನು ಬರೆದು ಪೆಟ್ಟಿಗೆಯಲ್ಲಿಟ್ಟ. ಬದುಕಿರುವವರೆಗೆ ಅಚ್ಚಿಗೆ ಕೊಡಲಿಲ್ಲ. ಯೆಹೂದಿಗಳ ಮತ ಕಸಿದ ಅಪ್ಪನ ಆ ಭಾಷಣದ ವೃತ್ತಾಂತ ನಮಗೆ ಸಿಗುವುದು ಮಗನ ಈ ಹಸ್ತಪ್ರತಿಯಿಂದಲೇ.

ಅಚ್ಚಾದ ಭಾಗವೇನೂ ನಿಷ್ಪಕ್ಷಪಾತವಾಗಿರಲಿಲ್ಲ. ಪ್ರಾಂತದ ಸರ್ವೇಯರ್ ಜನರಲ್ ಆಗಿದ್ದ ಕ್ಯಾಡ್ವಾಲಡರ್ ಕೋಲ್ಡನ್ ಕೆಂಡವಾದ. ಲಾಕ್ಲಿನ್ ಕ್ಯಾಂಪ್‌ಬೆಲ್ ಎಂಬ ಸ್ಕಾಟ್ಲೆಂಡಿನವನು ಜಮೀನು ಸಿಗುವ ಭರವಸೆಯ ಮೇಲೆ ಎಂಬತ್ತರಷ್ಟು ಕುಟುಂಬಗಳನ್ನು ಕರೆತಂದಿದ್ದ. ಅಧಿಕಾರಿಗಳು ಪಾಲು ಕೇಳಿ ಅವನನ್ನು ಹಾಳು ಮಾಡಿದರು ಎಂದು ಸ್ಮಿತ್ ಬರೆದಿದ್ದ. ಅದು ಸುಳ್ಳು ಎಂದು ಕೋಲ್ಡನ್ ಪತ್ರ ಬರೆದು ತಿದ್ದುಪಡಿ ಕೇಳಿದ, ಸ್ಮಿತ್ ಜಗ್ಗಲಿಲ್ಲ. ಕೋಲ್ಡನ್ ತನ್ನ ಮಗನಿಗೆ ಬರೆದ ಪತ್ರಗಳಲ್ಲಿ ಪುಸ್ತಕವನ್ನು ಒಂದೊಂದಾಗಿ ಬಿಚ್ಚಿ ಜಾಡಿಸಿದ. ಈ ಜಗಳದಲ್ಲಿ ಯಾರು ಸರಿ ಎಂಬುದು ಇರಲಿ. ಸ್ಮಿತ್‌ನ ಇತಿಹಾಸದಲ್ಲಿ ತನ್ನ ಪಕ್ಷದವರು ಒಳ್ಳೆಯವರಾಗಿಯೇ ಕಾಣುತ್ತಾರೆ ಎಂಬುದನ್ನು ಓದುಗ ನೆನಪಿಟ್ಟುಕೊಳ್ಳಬೇಕು. ಹತ್ತು ವರ್ಷ ಕಳೆಯುವ ಹೊತ್ತಿಗೆ ಅದರ ಫ್ರೆಂಚ್ ಅನುವಾದವೂ ಬಂತು.

1767ರಲ್ಲಿ ಅಪ್ಪ ಬಿಟ್ಟುಕೊಟ್ಟ ಮಂಡಳಿಯ ಸ್ಥಾನ ಮಗನಿಗೆ ಬಂತು. ಅಷ್ಟು ಹೊತ್ತಿಗೆ ವಸಾಹತುಗಳಿಗೆ ತೆರಿಗೆ ಹೇರಿದ ಸ್ಟಾಂಪ್ ಕಾಯಿದೆಯ ಗಲಾಟೆ ಎದ್ದು ಅಡಗಿತ್ತು. ವಸಾಹತುಗಳ ಮೇಲೆ ಬ್ರಿಟಿಷ್ ಪಾರ್ಲಿಮೆಂಟು ತೆರಿಗೆ ಹಾಕಬಹುದೇ ಎಂಬ ಪ್ರಶ್ನೆಗೆ ಎಲ್ಲರೂ ಹೌದು, ಇಲ್ಲ ಎಂದು ಕಿರುಚಾಡುತ್ತಿದ್ದಾಗ ಸ್ಮಿತ್ ಕೂತು ಒಂದು ಯೋಜನೆ ಬರೆದ. ಎಲ್ಲ ವಸಾಹತುಗಳಿಗೂ ಸೇರಿ ಅಮೆರಿಕದ್ದೇ ಒಂದು ಪಾರ್ಲಿಮೆಂಟ್ ಇರಲಿ. ಮೇಲೆ ದೊರೆಯ ಪ್ರತಿನಿಧಿ, ದೊರೆಯೇ ನೇಮಿಸಿದ ಒಂದು ಮಂಡಳಿ, ಕೆಳಗೆ ಪ್ರಾಂತೀಯ ಸಭೆಗಳು ಆರಿಸಿ ಕಳಿಸಿದ ಪ್ರತಿನಿಧಿಗಳ ಸದನ. ತೆರಿಗೆ ಹಾಕುವುದು ಆ ಸದನದ ಕೆಲಸ. ವಕೀಲನ ಬುದ್ಧಿ ಇದು. ಎರಡೂ ಕಕ್ಷಿಗಳ ಮಾನ ಉಳಿಯಬೇಕು, ದಾವೆ ಇತ್ಯರ್ಥವಾಗಬೇಕು. ಲಂಡನ್ನಿನಲ್ಲಿ ಯಾರೂ ಕಿವಿಗೊಡಲಿಲ್ಲ. ಎಂಟು ವರ್ಷಗಳ ನಂತರ ಗುಂಡು ಹಾರಿದವು.

ಯುದ್ಧ ಶುರುವಾದ ಮೇಲೆ ಗೆಳೆಯರ ದಾರಿ ಕವಲೊಡೆಯಿತು. ಲಿವಿಂಗ್‌ಸ್ಟನ್ ನ್ಯೂಜೆರ್ಸಿ ರಾಜ್ಯದ ಮೊದಲ ಗವರ್ನರ್ ಆದ. ಸ್ಕಾಟ್ ಬಂಡಾಯದ ಸೇನೆಯಲ್ಲಿ ಬ್ರಿಗೇಡಿಯರ್ ಜನರಲ್ ಆದ. ಸ್ಮಿತ್ ಮಾತ್ರ ನ್ಯೂಯಾರ್ಕ್ ಬಿಟ್ಟು ಹಡ್ಸನ್ ನದಿಯ ದಂಡೆಯ ಹ್ಯಾವರ್‌ಸ್ಟ್ರಾದ ಮನೆಗೆ ಸರಿದು, ಯಾವ ಕಡೆಗೂ ಸಹಿ ಹಾಕದೆ ದಿನಚರಿ ಬರೆಯುತ್ತ ಕೂತ. ಪಾರ್ಲಿಮೆಂಟಿನ ತೆರಿಗೆ ತಪ್ಪು, ಸ್ವಾತಂತ್ರ್ಯದ ಘೋಷಣೆಯೂ ತಪ್ಪು ಎಂಬುದು ಅವನ ನಿಲುವು. ಕೇಳಿದವರಿಗೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಉತ್ತರ. ಸಾವಿರಾರು ಎಕರೆ ಜಮೀನಿನ ಹಕ್ಕುಪತ್ರಗಳು ಅವನ ಪೆಟ್ಟಿಗೆಯಲ್ಲಿದ್ದವು. ಗೆದ್ದವರು ಯಾರಾದರೂ ಆಗಲಿ, ಆ ಪತ್ರಗಳು ಊರ್ಜಿತವಾಗಿರಬೇಕು ಎಂಬ ಲೆಕ್ಕಾಚಾರವೂ ಈ ಮೌನದಲ್ಲಿ ಇರಲಿಲ್ಲ ಎಂದು ನಾನಂತೂ ಹೇಳಲಾರೆ. ನಿಲುವು ಪ್ರಾಮಾಣಿಕವೇ ಇದ್ದೀತು, ಅದನ್ನು ಇಷ್ಟು ಜೋಪಾನವಾಗಿ ಮುಚ್ಚಿಟ್ಟುಕೊಂಡಿದ್ದು ಜಾಣತನ. ಜನ ನೋಡಿದ್ದು ಜಾಣತನವನ್ನು.

ಹೊಸ ನ್ಯೂಯಾರ್ಕ್ ರಾಜ್ಯದ ಸಮಿತಿಗಳು ಅವನನ್ನು ಕರೆಸಿ ಪ್ರಶ್ನೆ ಕೇಳಿದವು. 1777ರಲ್ಲಿ ಲಿವಿಂಗ್‌ಸ್ಟನ್ ಜಮೀನ್ದಾರಿಯ ಎಲ್ಲೆ ದಾಟಬಾರದೆಂಬ ಷರತ್ತು ಹಾಕಿ ಅಲ್ಲಿರಿಸಿದವು. 1778ರಲ್ಲಿ ರಾಜ್ಯಕ್ಕೆ ನಿಷ್ಠೆಯ ಪ್ರಮಾಣ ಮಾಡು, ಇಲ್ಲವೇ ಹೊರಡು ಎಂಬ ಕಾಯಿದೆ ಬಂತು. ಸ್ಮಿತ್ ಪ್ರಮಾಣ ಮಾಡಲು ಒಪ್ಪಲಿಲ್ಲ. ಆಗಸ್ಟಿನಲ್ಲಿ ಬ್ರಿಟಿಷರ ಹಿಡಿತದಲ್ಲಿದ್ದ ನ್ಯೂಯಾರ್ಕ್ ಪಟ್ಟಣಕ್ಕೆ ಗಡೀಪಾರು ಮಾಡಿದರು. ಆಗ ರಾಜ್ಯದ ಗವರ್ನರ್ ಆಗಿದ್ದವನು ಜಾರ್ಜ್ ಕ್ಲಿಂಟನ್. ಕಾನೂನು ಕಲಿತದ್ದು ಇದೇ ಸ್ಮಿತ್‌ನ ಕಚೇರಿಯಲ್ಲಿ. ಅದೇ ಕಚೇರಿಯಲ್ಲಿ ಪಳಗಿದ ಇನ್ನೊಬ್ಬ ಹುಡುಗ ಗವರ್ನರ್ ಮಾರಿಸ್. (ಗವರ್ನರ್ ಎಂಬುದು ಅವನಿಗೆ ಇಟ್ಟ ಹೆಸರು, ಹುದ್ದೆಯಲ್ಲ.) 1787ರಲ್ಲಿ ಅಮೆರಿಕದ ಸಂವಿಧಾನದ ಕೊನೆಯ ಕರಡನ್ನು ತಿದ್ದಿ ತೀಡಿ ಬರೆದದ್ದು ಅವನ ಕೈ. ಗುರು ಮಾತ್ರ ಆ ದೇಶದ ಪ್ರಜೆಯೇ ಆಗಲಿಲ್ಲ.

ಅವನ ಒಡಹುಟ್ಟಿದವರದ್ದೂ ಮನೆಯೊಂದು ಮೂರು ಬಾಗಿಲು. ತಮ್ಮ ಥಾಮಸ್ ಬಂಡಾಯದವರ ಜೊತೆ ಉಳಿದ. ಇನ್ನೊಬ್ಬ ತಮ್ಮ ಜೋಶುವಾ ಹೆಟ್ ಸ್ಮಿತ್ 1780ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅತಿ ಕುಖ್ಯಾತ ದ್ರೋಹದ ನಡುವೆ ಸಿಕ್ಕಿಕೊಂಡ. ದಂಡನಾಯಕ ಬೆನೆಡಿಕ್ಟ್ ಆರ್ನಾಲ್ಡ್ ವೆಸ್ಟ್ ಪಾಯಿಂಟ್ ಕೋಟೆಯನ್ನು ಬ್ರಿಟಿಷರಿಗೆ ಒಪ್ಪಿಸಲು ಮಾತುಕತೆ ನಡೆಸಿದಾಗ, ರಾತ್ರಿ ದೋಣಿಯಲ್ಲಿ ಹೋಗಿ ಬ್ರಿಟಿಷ್ ಅಧಿಕಾರಿ ಜಾನ್ ಆಂಡ್ರೆಯನ್ನು ದಂಡೆಗೆ ಕರೆತಂದವನು ಈ ಜೋಶುವಾ. ವೇಷ ಮರೆಸಲು ತನ್ನ ಕೋಟನ್ನೂ ಕೊಟ್ಟ. ಆಂಡ್ರೆ ಸಿಕ್ಕಿಬಿದ್ದು ನೇಣಿಗೇರಿದ. ಜೋಶುವಾನನ್ನು ಸೈನಿಕ ನ್ಯಾಯಾಲಯ ಸಾಕ್ಷ್ಯ ಸಾಲದೆಂದು ಬಿಟ್ಟಿತು. ಆದರೂ ಸೆರೆಯಲ್ಲಿ ಇಟ್ಟುಕೊಂಡಿದ್ದರಿಂದ ಹೆಂಗಸಿನ ವೇಷ ಹಾಕಿಕೊಂಡು ತಪ್ಪಿಸಿಕೊಂಡ. ಅಣ್ಣ ಈ ಗೊಂದಲಗಳಿಗೆಲ್ಲ ಐದಾರು ತಿಂಗಳ ಹಿಂದಷ್ಟೇ, ಏಪ್ರಿಲಿನಲ್ಲಿ, ದೊರೆಯ ನ್ಯೂಯಾರ್ಕಿಗೆ ಮುಖ್ಯ ನ್ಯಾಯಾಧೀಶನಾಗಿ ನೇಮಕಗೊಂಡಿದ್ದ. ಹೆಸರಿಗೆ ಪೀಠ, ತೀರ್ಪು ಕೊಡಲು ಮೊಕದ್ದಮೆ ಇಲ್ಲ. ಊರಿನಲ್ಲಿ ಸೈನ್ಯದ ಆಡಳಿತವಿದ್ದು ಸಿವಿಲ್ ಕೋರ್ಟುಗಳು ಬಾಗಿಲು ತೆರೆಯಲೇ ಇಲ್ಲ.

ಈ ವರ್ಷಗಳ ದಿನಚರಿಯನ್ನು ಓದುವಾಗ ಒಂದು ವಿಷಯ ಕಾಡುತ್ತದೆ. ಇತಿಹಾಸಕಾರನಾದವನು ತನ್ನ ಕಣ್ಣೆದುರಿನ ಇತಿಹಾಸವನ್ನು ಇಷ್ಟು ತಪ್ಪಾಗಿ ಓದಬಹುದೇ? ಬಂಡಾಯ ಇನ್ನೇನು ಕುಸಿಯಿತು, ಜನ ಬೇಸತ್ತಿದ್ದಾರೆ, ಇನ್ನೊಂದು ತಳ್ಳು ಸಾಕು ಎಂದು ಅವನು ಬ್ರಿಟಿಷ್ ದಂಡನಾಯಕರಿಗೆ ಹೇಳುತ್ತಲೇ ಇದ್ದ. 1781ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸ್ ಯಾರ್ಕ್‌ಟೌನಿನಲ್ಲಿ ಶರಣಾದ. (ಹನ್ನೊಂದು ವರ್ಷಗಳೊಳಗೆ ಶ್ರೀರಂಗಪಟ್ಟಣದ ಗೋಡೆಯ ಹೊರಗೆ ಡೇರೆ ಹಾಕಿ, ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡ ಕಾರ್ನ್‌ವಾಲಿಸ್ ಇವನೇ.) ಆಮೇಲೂ ಸ್ಮಿತ್‌ಗೆ ನಂಬಿಕೆ ಹೋಗಲಿಲ್ಲ. ಹಳೆಯ ಗವರ್ನರುಗಳ ಕಾಗದಪತ್ರ ಓದಿದ ಕಣ್ಣಿಗೆ ರಾಜಕೀಯವೆಂದರೆ ಮನೆತನಗಳ ಜಗಳ, ನಾಯಕರ ಒಳಸಂಚು. ರೈತರು, ಕುಶಲಕರ್ಮಿಗಳು ಆರು ವರ್ಷ ಬಂದೂಕು ಹಿಡಿದು ನಿಂತದ್ದು ಆ ಲೆಕ್ಕಕ್ಕೆ ಸಿಗಲಿಲ್ಲ.

ಆದರೆ ಎದುರಿಗಿದ್ದ ಮನುಷ್ಯನನ್ನು ನೋಡುವಲ್ಲಿ ಅವನ ಕಣ್ಣು ಬಲು ಚುರುಕು. 1783ರ ಮೇ 6ರಂದು ಹಡ್ಸನ್ ದಂಡೆಯ ಟಪ್ಪಾನ್ ಎಂಬಲ್ಲಿ ವಾಷಿಂಗ್ಟನ್ ಮತ್ತು ಬ್ರಿಟಿಷ್ ದಂಡನಾಯಕ ಗೈ ಕಾರ್ಲ್‌ಟನ್ ಭೇಟಿಯಾದರು. ಸ್ಮಿತ್ ಕಾರ್ಲ್‌ಟನ್ ಕಡೆ, ಅವನ ಹಳೆಯ ಶಿಷ್ಯ ಕ್ಲಿಂಟನ್ ವಾಷಿಂಗ್ಟನ್ ಕಡೆ. ವಾಷಿಂಗ್ಟನ್ ಮಾತು ಶುರು ಮಾಡಿದ ರೀತಿಯನ್ನು ಸ್ಮಿತ್ ಬರೆದಿಟ್ಟ. ಹುರುಪಿಲ್ಲ, ತುಂಬ ನಿಧಾನ, ತಗ್ಗಿದ ದನಿ. ಮೊದಲ ಬೇಡಿಕೆಯೇ ಆಸ್ತಿಯದು, ಅದರಲ್ಲೂ ಬ್ರಿಟಿಷರ ಕಡೆಗೆ ಓಡಿಬಂದ ಗುಲಾಮರದು. ಶಾಂತಿ ಒಪ್ಪಂದದ ಪ್ರಕಾರ ಅವರನ್ನು ಹಿಂದಿರುಗಿಸಬೇಕು ಎಂದ. ಕಾರ್ಲ್‌ಟನ್ ತಣ್ಣಗೆ ಉತ್ತರ ಕೊಟ್ಟ. ಕೆಲವರು ಆಗಲೇ ಹಡಗು ಹತ್ತಿ ಹೋಗಿಯಾಗಿದೆ. ವಾಷಿಂಗ್ಟನ್‌ಗೆ ಆಶ್ಚರ್ಯವಾಯಿತು. ದೊರೆಯ ಹೆಸರಿನಲ್ಲಿ ಬಿಡುಗಡೆಯ ಮಾತು ಕೊಟ್ಟಿದ್ದೇವೆ, ಆ ಜನ ಬಂದಾಗಲೇ ಸ್ವತಂತ್ರರಾದರು, ಮಾತಿಗೆ ತಪ್ಪುವುದು ಒಪ್ಪಂದದ ಅರ್ಥವಾಗಿರಲಾರದು ಎಂದ ಕಾರ್ಲ್‌ಟನ್. ಮುಂದೆಂದಾದರೂ ಪರಿಹಾರ ಕೊಡಬೇಕಾಗಿ ಬಂದರೆ ಇರಲಿ ಎಂದು ಹೊರಟವರ ಹೆಸರು, ವಯಸ್ಸು, ಒಡೆಯನ ವಿವರ ಎಲ್ಲವನ್ನೂ ಪಟ್ಟಿ ಮಾಡಿಸುತ್ತಿರುವುದನ್ನೂ ತಿಳಿಸಿದ. ಸುಮಾರು 3,000 ಜನರ ಹೆಸರಿರುವ ಆ ಪುಸ್ತಕ ಇವತ್ತಿಗೂ ಇದೆ. ಗುಲಾಮಗಿರಿಯಿಂದ ಬಿಡಿಸಿಕೊಂಡವರ ವಂಶಸ್ಥರು ತಮ್ಮ ಹಿರಿಯರನ್ನು ಹುಡುಕುವುದು ಅದರಲ್ಲೇ. ಸ್ವಾತಂತ್ರ್ಯದ ಸೇನಾನಿ ಗುಲಾಮರನ್ನು ವಾಪಸ್ ಕೇಳಿದ, ದೊರೆಯ ಸೇನಾನಿ ಕೊಡುವುದಿಲ್ಲ ಎಂದ. ಇದನ್ನು ಇಷ್ಟು ಹತ್ತಿರದಿಂದ ಬರೆದಿಟ್ಟ ಸ್ಮಿತ್‌ಗೆ ಅದು ವ್ಯಂಗ್ಯವಾಗಿ ಕಂಡಂತಿಲ್ಲ. ಅವನಿಗೆ ಅದೊಂದು ಒಪ್ಪಂದದ ಕಲಮಿನ ಅರ್ಥವಿವರಣೆ.

ನವೆಂಬರ್ 25ರಂದು ಬ್ರಿಟಿಷರು ನ್ಯೂಯಾರ್ಕ್ ಬಿಟ್ಟರು. ಸ್ಮಿತ್ ಕಾರ್ಲ್‌ಟನ್ ಜೊತೆ ಹಡಗು ಹತ್ತಿ ಲಂಡನ್ನಿಗೆ ಹೋದ. ಹೆಂಡತಿ ಜಾನೆಟ್ ಸದ್ಯಕ್ಕೆ ಹಿಂದೆಯೇ ಉಳಿದಳು. ಲಂಡನ್ನಿನ ಎರಡು ಮೂರು ವರ್ಷ ಕಚೇರಿಯಿಂದ ಕಚೇರಿಗೆ ಅಲೆದು ಪರಿಹಾರ ಕೇಳುವುದರಲ್ಲಿ, ಹುದ್ದೆ ಕೇಳುವುದರಲ್ಲಿ ಹೋಯಿತು. ಅವನಂಥವರು ಆಗ ಅಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಅವನಿಗೆ ಕಾರ್ಲ್‌ಟನ್ ಬೆಂಬಲವಿತ್ತು. ಕಾರ್ಲ್‌ಟನ್ ಲಾರ್ಡ್ ಡಾರ್ಚೆಸ್ಟರ್ ಎಂಬ ಬಿರುದು ಹೊತ್ತು ಕ್ವಿಬೆಕ್‌ಗೆ ಗವರ್ನರ್ ಆಗಿ ಹೊರಟಾಗ ಸ್ಮಿತ್ ಮುಖ್ಯ ನ್ಯಾಯಾಧೀಶನಾಗಿ ಜೊತೆಗೆ ಹೋದ. 1786ರ ಅಕ್ಟೋಬರಿನಲ್ಲಿ ಇಬ್ಬರೂ ಕ್ವಿಬೆಕ್ ತಲುಪಿದರು.

ಕ್ವಿಬೆಕ್‌ನಲ್ಲಿ ಬಹುಪಾಲು ಜನ ಫ್ರೆಂಚ್ ಮಾತಿನ ಕ್ಯಾಥೊಲಿಕರು. 1774ರ ಕ್ವಿಬೆಕ್ ಕಾಯಿದೆ ಅವರಿಗೆ ಹಳೆಯ ಫ್ರೆಂಚ್ ಸಿವಿಲ್ ಕಾನೂನನ್ನು ಉಳಿಸಿಕೊಟ್ಟಿತ್ತು, ಕ್ರಿಮಿನಲ್ ಕಾನೂನು ಮಾತ್ರ ಇಂಗ್ಲಿಷರದು. ಸ್ಮಿತ್ ಕಾಲಿಟ್ಟು ಎರಡು ತಿಂಗಳಾಗಿರಲಿಲ್ಲ, ಡಿಸೆಂಬರಿನಲ್ಲಿ ಒಂದು ಮೇಲ್ಮನವಿಯ ತೀರ್ಪಿನಲ್ಲಿ ಹೊಸ ಅರ್ಥ ಹಚ್ಚಿದ. ಆ ಕಾಯಿದೆ ಫ್ರೆಂಚ್ ಮೂಲದವರಿಗೆ ಮಾತ್ರ ಅನ್ವಯ, ಇಂಗ್ಲಿಷ್ ಮೂಲದವರ ವ್ಯಾಜ್ಯಕ್ಕೆ ಇಂಗ್ಲಿಷ್ ಕಾನೂನೇ ಎಂದ. ಅಲ್ಲಿಗೆ ಕೋಲಾಹಲ. ಫ್ರೆಂಚ್ ಜಮೀನ್ದಾರರು ಸಿಡಿದೆದ್ದರು. ಅವರ ಪರ ಮುಂದೆ ನಿಂತವನು ಆಡಂ ಮೇಬನ್ ಎಂಬ ಇನ್ನೊಬ್ಬ ನ್ಯಾಯಾಧೀಶ. ಅವನ ಮೂಲ ಕಸುಬು ಶಸ್ತ್ರವೈದ್ಯ! ವೈದ್ಯ ಹೇಳಿದ್ದೇ ಕಾಯಿದೆಯ ಅಕ್ಷರಕ್ಕೆ ಹತ್ತಿರವಾಗಿತ್ತು, ವಕೀಲ ಹೇಳಿದ್ದು ಜಗ್ಗಾಟ. ಜಗತ್ತಿನಲ್ಲಿ ಇಂಗ್ಲಿಷ್ ಕಾನೂನಿಗಿಂತ ಮೇಲಿಲ್ಲ, ಅದು ಬಂದರೆ ವಲಸಿಗರು ತಾವಾಗಿ ಬರುತ್ತಾರೆ ಎಂಬ ಗಟ್ಟಿ ನಂಬಿಕೆ ಸ್ಮಿತ್‌ನನ್ನು ಅಲ್ಲಿಗೆ ತಂದು ನಿಲ್ಲಿಸಿತ್ತು. ಆ ನೆಲದ ಜನ ಏನು ಬಯಸುತ್ತಾರೆ ಎಂದು ಕೇಳುವ ವ್ಯವಧಾನ ಅವನಿಗೆ ನ್ಯೂಯಾರ್ಕಿನಲ್ಲೂ ಇರಲಿಲ್ಲ, ಇಲ್ಲಿಯೂ ಇರಲಿಲ್ಲ.

ಹಠ ಎಂದೆನಲ್ಲ, ಅದು ಕಾಣುವುದು ಇಲ್ಲೇ. 1789ರಲ್ಲಿ ಅವನ ಮುಂದಾಳ್ತನದ ಸಮಿತಿ ಶಿಕ್ಷಣದ ವರದಿ ಕೊಟ್ಟಿತು. ಊರೂರಿಗೆ ಉಚಿತ ಶಾಲೆ, ಅದರ ಮೇಲೆ ಜಿಲ್ಲಾ ಮಟ್ಟದ ಶಾಲೆ, ಎಲ್ಲಕ್ಕೂ ಮೇಲೆ ಯಾವ ಪಂಥದ ಧರ್ಮಶಾಸ್ತ್ರವನ್ನೂ ಕಲಿಸದ ಒಂದು ಕಾಲೇಜು. ಮೂವತ್ತಾರು ವರ್ಷಗಳ ಹಿಂದೆ ನ್ಯೂಯಾರ್ಕಿನ ಕಾಲೇಜಿಗಾಗಿ ಬರೆದದ್ದೂ ಇದನ್ನೇ. ಆಗ ಅಡ್ಡ ಬಂದದ್ದು ಇಂಗ್ಲೆಂಡಿನ ಚರ್ಚು, ಈಗ ಅಡ್ಡ ಬಂದವನು ಕ್ಯಾಥೊಲಿಕ್ ಬಿಷಪ್ ಹ್ಯೂಬರ್. ಎರಡು ಸಲವೂ ಸೋಲು. 1790ರ ಫೆಬ್ರುವರಿಯಲ್ಲಿ ಡಾರ್ಚೆಸ್ಟರನಿಗೆ ಒಂದು ಟಿಪ್ಪಣಿ ಬರೆದುಕೊಟ್ಟ. ಹಳೆಯ ವಸಾಹತುಗಳು ಕೈಬಿಟ್ಟು ಹೋದದ್ದಕ್ಕೆ ಕಾರಣ ಅಲ್ಲಲ್ಲಿ ಚದುರಿದ ಪುಟಾಣಿ ಸಭೆಗಳು, ಅವುಗಳ ಮೇಲೆ ಇಡೀ ಅಮೆರಿಕಕ್ಕೆ ಒಂದೇ ಶಾಸನಸಭೆ ಇರಲಿಲ್ಲ, ಉಳಿದ ಪ್ರಾಂತಗಳನ್ನಾದರೂ ಒಂದು ಒಕ್ಕೂಟವಾಗಿ ಕಟ್ಟಿ, ಮೇಲೊಂದು ಪಾರ್ಲಿಮೆಂಟ್ ಇಡಿ ಎಂದು. ಇದು 1767ರ ಯೋಜನೆಯೇ, ಊರು ಮಾತ್ರ ಬೇರೆ. ಡಾರ್ಚೆಸ್ಟರ್ ಅದನ್ನು ಲಂಡನ್ನಿಗೆ ರವಾನಿಸಿದ. ಲಂಡನ್ ಒಂದುಗೂಡಿಸುವ ಬದಲು 1791ರಲ್ಲಿ ಕ್ವಿಬೆಕ್ ಅನ್ನೇ ಮೇಲಿನ ಕೆನಡಾ, ಕೆಳಗಿನ ಕೆನಡಾ ಎಂದು ಎರಡು ಹೋಳು ಮಾಡಿತು. ಸ್ಮಿತ್ ಕೆಳಗಿನ ಕೆನಡಾದ ಮುಖ್ಯ ನ್ಯಾಯಾಧೀಶನಾಗಿ, ಮೇಲ್ಮನೆಯ ಮೊದಲ ಸಭಾಧ್ಯಕ್ಷನಾಗಿ ಉಳಿದು, 1793ರ ಡಿಸೆಂಬರಿನಲ್ಲಿ ಕ್ವಿಬೆಕ್‌ನಲ್ಲಿ ತೀರಿಕೊಂಡ.

ಯೋಜನೆ ಮಾತ್ರ ಮನೆಯೊಳಗೆ ಉಳಿಯಿತು. ಮಗಳು ಹೆನ್ರಿಯೆಟ್ಟಾಳನ್ನು ಮದುವೆಯಾದ ಜೊನಾಥನ್ ಸೂಯೆಲ್ 1808ರಿಂದ ಮೂವತ್ತು ವರ್ಷ ಅದೇ ಮುಖ್ಯ ನ್ಯಾಯಾಧೀಶನ ಪೀಠದಲ್ಲಿ ಕೂತು, ಮಾವನಂತೆಯೇ ಪ್ರಾಂತಗಳ ಒಕ್ಕೂಟದ ಯೋಜನೆಗಳನ್ನು ಬರೆದು ಕಳಿಸಿದ. ಕೆನಡಾ ಒಕ್ಕೂಟವಾದದ್ದು 1867ರಲ್ಲಿ, ಬೇರೆಯೇ ಜನರಿಂದ, ಬೇರೆಯೇ ಕಾರಣಗಳಿಗೆ. ಅದರ ಯಶಸ್ಸನ್ನು ಸ್ಮಿತ್‌ನ ಖಾತೆಗೆ ಜಮಾ ಮಾಡುವುದು ಅತಿಯಾಯಿತು. ಮಗ ವಿಲಿಯಂ ಅಪ್ಪನ ಇನ್ನೊಂದು ಗೀಳನ್ನು ಹಿಡಿದು ಕೆನಡಾದ ಇತಿಹಾಸ ಬರೆದ. ಅಪ್ಪ ಪೆಟ್ಟಿಗೆಯಲ್ಲಿಟ್ಟ ಹಸ್ತಪ್ರತಿಯನ್ನೂ ಅವನೇ ಹೊರಗೆ ಕೊಟ್ಟ. 1820ರ ದಶಕದಲ್ಲಿ ಅದನ್ನು ಅಚ್ಚು ಹಾಕಿದ್ದು ನ್ಯೂಯಾರ್ಕಿನ ಐತಿಹಾಸಿಕ ಸಂಘ. ಅದೇ ಸಂಘ 1879ರಲ್ಲಿ ಇನ್ನೊಬ್ಬ ಗಡೀಪಾರಾದ ನ್ಯಾಯಾಧೀಶ ಥಾಮಸ್ ಜೋನ್ಸ್ ಬರೆದ ಯುದ್ಧಕಾಲದ ಇತಿಹಾಸವನ್ನೂ ತಂದಿತು. ಜೋನ್ಸ್ ಡಿಲಾನ್ಸಿಗಳ ಅಳಿಯ, ದೊರೆಯ ಕಟ್ಟಾ ನಿಷ್ಠ. ಅವನ ಪುಸ್ತಕದಲ್ಲಿ ಸ್ಮಿತ್ ಹೆಜ್ಜೆಹೆಜ್ಜೆಗೂ ಕಪಟಿ, ಬಂಡಾಯದ ಕಿಡಿ ಹಚ್ಚಿ ಆಮೇಲೆ ಗೆದ್ದೆತ್ತಿನ ಬಾಲ ಹಿಡಿಯಲು ಹೊಂಚಿದವನು. ಸ್ಮಿತ್‌ನ ದಿನಚರಿಗಳು ಅಚ್ಚಾದದ್ದು 1950ರ ದಶಕದಿಂದೀಚೆಗೆ. ಅಲ್ಲಿಯವರೆಗೆ ಮುಕ್ಕಾಲು ಶತಮಾನ ಈ ಮೊಕದ್ದಮೆಯಲ್ಲಿ ಓದುಗರ ಕೈಗೆ ಸಿಕ್ಕಿದ್ದು ಬಹುಮಟ್ಟಿಗೆ ಎದುರುಕಕ್ಷಿಯ ವಾದ ಮಾತ್ರ.